ಭೂಮಿಗೆ ಕಂಬಳಿ ಹೊದಿಸುವ ಊರಿನಲ್ಲಿ

ಓಕ್ ಬ್ರೂಕ್

ಹೊರಗೆ ಹನ್ನೆರಡು ಡಿಗ್ರಿ ಎಂದು ಗಿರೀಶ ಫೋನಿನಲ್ಲಿ ಹೇಳಿದ್ದ. ನಮ್ಮ ಮೈಸೂರಿನಲ್ಲಿ ಜನವರಿಯ ಬೆಳಗಿನ ಜಾವ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಒಂದು ಸ್ವೆಟರ್ ತೊಟ್ಟು ಹಾಲು ತಂದುಬಿಡುತ್ತೇನೆ. ಅದೇ ಸ್ವೆಟರ್ ತೊಟ್ಟು, ಕಾಲುಚೀಲದ ಮೇಲೆ ಚಪ್ಪಲಿ ಮೆಟ್ಟಿ ಶಿಕಾಗೊ ವಿಮಾನ ನಿಲ್ದಾಣದ ಗಾಜಿನ ಬಾಗಿಲು ದಾಟಿದೆ. ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಕಿವಿಯ ತುದಿಯನ್ನು ಯಾರೋ ಚಿವುಟಿ ಹಿಡಿದಂತಾಯಿತು. ಮೂಗಿನೊಳಗಿನ ತೇವವೆಲ್ಲ ಗಟ್ಟಿಯಾಯಿತು. ಪಕ್ಕದಲ್ಲಿ ಸಿಗರೇಟು ಸೇದುತ್ತಿದ್ದ ಅಪರಿಚಿತ ಹೆಂಗಸು ನನ್ನ ಪಾದ ನೋಡಿದವಳೇ, ಒಂದು ಮಾತೂ ಕೇಳದೆ ನನ್ನ ಭುಜ ಹಿಡಿದು ತಿರುಗಿಸಿ, ಮಗುವನ್ನು ಕರೆದೊಯ್ಯುವಂತೆ ಬಾಗಿಲೊಳಗೆ ಬಿಟ್ಟು ಹೋದಳು.

ಗಿರೀಶ ಬಂದಾಗ ನಾನು ಒಳಗಿನ ಬೆಂಚಿನ ಮೇಲೆ ಪಾದಗಳನ್ನು ಮಡಚಿ ಕುಳಿತಿದ್ದೆ. ಹುಬ್ಬಳ್ಳಿ ಕಡೆಯವನು, ಇಪ್ಪತ್ತು ವರ್ಷದ ಕೆಳಗೆ ನನ್ನ ವಿದ್ಯಾರ್ಥಿ. ಈಗ ಕಟ್ಟಡದ ಗುತ್ತಿಗೆಯ ಕಂಪನಿಯೊಂದರಲ್ಲಿ ಎಂಜಿನಿಯರ್.

"ಏನ್ರಿ ಮೇಡಂ, ಚಪ್ಪಲಿ ಮ್ಯಾಲೆ ಬಂದೀರಲ್ರಿ!"

"ಹನ್ನೆರಡು ಅಂದೆಯಲ್ಲಪ್ಪ ನೀನೇ."

"ಅದು ಫ್ಯಾರನ್‌ಹೀಟ್ ರೀ ಮೇಡಂ. ನಮ್ಮ ಲೆಕ್ಕದಾಗ ಸೊನ್ನೆಗಿಂತ ಹನ್ನೊಂದು ಕೆಳಗ." ಅವನಿಗೆ ನಗು ತಡೆಯಲಾಗಲಿಲ್ಲ. "ಯೂನಿಟ್ ಬರೀದಿದ್ರ ಸೊನ್ನೆ ಅಂತ ನೀವ ಹೇಳ್ತಿದ್ರಿ. ನಾನೂ ಹೇಳ್ಲಿಲ್ಲ, ನೀವೂ ಕೇಳ್ಲಿಲ್ಲ. ಇಬ್ರಿಗೂ ಸೊನ್ನೆ ಹಾಕೋಣ್ರಿ."

ಓಕ್ ಬ್ರೂಕಿನ ಅವನ ಮನೆಗೆ ಹೋಗುವ ದಾರಿಯಲ್ಲೇ ಒಂದು ದೊಡ್ಡ ಮಾಲ್‌ಗೆ ಕರೆದೊಯ್ದು ಬೂಟು ಕೊಡಿಸಿದ. ಅದನ್ನು ತೊಟ್ಟು ನಡೆಯುವಾಗ ನನಗೆ ನಾನೇ ಬೇರೆ ಯಾರದೋ ಕಾಲಿನ ಮೇಲೆ ಹೋಗುತ್ತಿದ್ದಂತೆ ಅನ್ನಿಸಿತು. ಈ ಡಿಗ್ರಿಯ ಕಥೆ ಆ ದಿನ ನನಗೂ ತಮಾಷೆಯಾಗಿಯೇ ಕಂಡಿತು. ಊಟದ ಮೇಜಿನ ಮೇಲೆ ಗಿರೀಶನ ಹೆಂಡತಿ ಮಕ್ಕಳಿಗೂ ಹೇಳಿ ನಗಿಸಿದೆ.

ನಾನು ಬಂದದ್ದು ಸುತ್ತಾಡಲು ಅಲ್ಲ. ಸನ್ಮಾನ ಮಾಡಿಸಿಕೊಳ್ಳಲು. ಡೆಟ್ರಾಯ್ಟ್ ಪಕ್ಕದ ವೆಸ್ಟ್ ಬ್ಲೂಮ್‌ಫೀಲ್ಡಿನ ಸುತ್ತಮುತ್ತಲಿನ ಒಂದಷ್ಟು ಕನ್ನಡ ಕುಟುಂಬಗಳು ಸೇರಿ ಹಳೆಯ ಚರ್ಚೊಂದನ್ನು ಕೊಂಡು, ಹಬ್ಬಕ್ಕೆ, ಸಂಗೀತಕ್ಕೆ, ಮಕ್ಕಳ ಕನ್ನಡ ಪಾಠಕ್ಕೆ ಸಭಾಂಗಣ ಮಾಡಿಕೊಂಡಿದ್ದವು. ಚರ್ಚಿನ ಜೊತೆಗೆ ಅರವತ್ತು ಅಡಿಯ ಇಟ್ಟಿಗೆಯ ಗಂಟೆಗೋಪುರವೂ ಬಂದಿತ್ತು. ಒಂದು ಸಂಜೆ ಭೂಮಿ ಸಣ್ಣಗೆ ಅಲುಗಿ ದೀಪಗಳು ತೂಗಾಡಿದಾಗ ಎಲ್ಲರ ಕಣ್ಣೂ ಗೋಪುರದ ಕಡೆ ತಿರುಗಿತು. ಇಟ್ಟಿಗೆಯ ಗೋಪುರ, ಗಡಿಯಾರದ ಕಂಬ, ಕೋಟೆಯ ಬುರುಜು ಇವೆಲ್ಲ ಭೂಕಂಪದಲ್ಲಿ ಹೇಗೆ ಅಲುಗುತ್ತವೆ ಎನ್ನುವುದನ್ನೇ ಮೂವತ್ತೊಂದು ವರ್ಷ ಪಾಠ ಮಾಡಿದವಳು ನಾನು. ಸಂಘದ ಅಧ್ಯಕ್ಷೆ ವಾಣಿ ಮೈಸೂರಿನಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ. ನನ್ನನ್ನು ಬಿಟ್ಟು ಇನ್ನಾರನ್ನು ಕೇಳಿಯಾಳು?

ಗೋಪುರವನ್ನು ಮೈಸೂರಿನಿಂದಲೇ ಪರೀಕ್ಷಿಸಿದೆ. ಗಾಳಿಗೆ, ರಸ್ತೆಯ ಲಾರಿಗಳಿಗೆ ಯಾವ ಗೋಪುರವಾದರೂ ಕಣ್ಣಿಗೆ ಕಾಣದಷ್ಟು ಅಲುಗುತ್ತಲೇ ಇರುತ್ತದೆ. ಬಿಗಿಯಾಗಿದ್ದರೆ ಬೇಗ ಬೇಗ, ಸಡಿಲಾಗಿದ್ದರೆ ನಿಧಾನಕ್ಕೆ. ವಾಣಿಯ ಮಗಳು ಅನಘಾ, ಎಂಜಿನಿಯರಿಂಗ್ ಓದುವವಳು, ಹಿಂದಿನ ಫೆಬ್ರವರಿಯಲ್ಲಿ ಗೋಪುರದ ತುದಿಗೊಂದು, ಬುಡಕ್ಕೊಂದು ಅಳೆಯುವ ಪೆಟ್ಟಿಗೆ ಇಟ್ಟು ನನಗೆ ಅಂಕಿಗಳನ್ನು ಕಳಿಸಿದಳು. ಹತ್ತು ಸೆಕೆಂಡಿಗೆ ಇಪ್ಪತ್ತೊಂದು ಸಲ. ಆಮೇಲೆ ಮೇ ತಿಂಗಳಲ್ಲಿ ಸ್ಟ್ಯಾನ್ ಎನ್ನುವ ಅಲ್ಲಿಯ ವಯಸ್ಸಾದ ಗಾರೆಯವನು ಸಾರವೆ ಕಟ್ಟಿ, ಒಡೆದ ಇಟ್ಟಿಗೆ ಬದಲಿಸಿ, ಸಂದುಗಳಿಗೆಲ್ಲ ಸುಣ್ಣದ ಗಾರೆ ತುಂಬತೊಡಗಿದ. ಕೆಲಸ ಮುಗಿಯಲು ಎರಡು ದಿನ ಇದೆ ಎನ್ನುವಾಗ, ಜುಲೈನಲ್ಲಿ, ಅನಘಾ ಮತ್ತೆ ಅಳೆದಳು. ಹದಿನೆಂಟು.

ದುರಸ್ತಿಯಾದ ಮೇಲೆ ಗೋಪುರ ಹೆಚ್ಚು ಬಿಗಿಯಾಗಬೇಕು. ಬಿಗಿ ಆ ಸಂಖ್ಯೆಯ ವರ್ಗಕ್ಕೆ ತಕ್ಕಂತೆ, ಆ ಲೆಕ್ಕದಲ್ಲಿ ಇದು ಕಾಲು ಭಾಗದಷ್ಟು ಬಿಗಿ ಕಳೆದುಕೊಂಡಿತ್ತು. ನಾನು ಎರಡು ಪುಟದ ವರದಿ ಬರೆದೆ. ಅದರ ಕೊನೆಯ ವಾಕ್ಯ ಬಾಯಿಪಾಠವಿದೆ: ದುರಸ್ತಿಯಿಂದ ಗೋಪುರ ದುರ್ಬಲವಾಗಿದೆ, ಕೆಲಸದ ಗುಣಮಟ್ಟವೇ ಇದಕ್ಕೆ ಕಾರಣವೆಂದು ಕಾಣುತ್ತದೆ. ಮರುದಿನವೇ ಸ್ಟ್ಯಾನ್‌ನನ್ನು ಕೆಲಸ ಬಿಡಿಸಿದರು. ಸಂಕ್ರಾಂತಿಯ ಸಭೆಯಲ್ಲಿ ನನ್ನನ್ನು ಮುಖ್ಯ ಅತಿಥಿಯಾಗಿ ಕೂರಿಸಿ, ನನ್ನ ಸಲಹೆಯಂತೆ ಗೋಪುರದ ಮೇಲಿನ ಅರ್ಧ ಕೆಡವುವುದನ್ನು ಒಪ್ಪಿಗೆಗೆ ಇಡುವುದೆಂದು ನಿಶ್ಚಯವಾಯಿತು. ನಾನು ಶಾಲಿಗೆ ಒಪ್ಪುವ ಸೀರೆ ಆರಿಸಿಕೊಂಡು ಹೊರಟಿದ್ದೆ.

ಎಲ್ಕ್ ಗ್ರೋವ್ ವಿಲೇಜ್

ವಿಲೇಜ್ ಎಂದರೆ ಹಳ್ಳಿ ಎಂದುಕೊಂಡಿದ್ದೆ. ಕಣ್ಣು ಹಾಯುವವರೆಗೂ ಕಿಟಕಿಯಿಲ್ಲದ ಗೋದಾಮುಗಳು, ಕಾರ್ಖಾನೆಗಳು. ಅಲ್ಲೊಂದು ಕಟ್ಟಡದ ಕೆಲಸ ಗಿರೀಶನ ಉಸ್ತುವಾರಿಯಲ್ಲಿತ್ತು. ಮಿಷಿಗನ್‌ಗೆ ಹೊರಡುವ ಮುನ್ನ ಹತ್ತು ನಿಮಿಷ ಸೈಟ್ ನೋಡಿ ಬರುತ್ತೇನೆ ಎಂದು ನನ್ನನ್ನೂ ಕರೆದೊಯ್ದ. ತಲೆಗೊಂದು ಹಳದಿ ಟೋಪಿ ಸಿಕ್ಕಿತು. ಸೈಟಿನ ವಾಸನೆಗೆ ನನಗೆ ಹುರುಪು ಬಂತು.

ಅಲ್ಲಿ ಕಂಡದ್ದನ್ನು ನಂಬಲಾಗಲಿಲ್ಲ. ಬಯಲಿನಲ್ಲಿ ಉದ್ದಕ್ಕೆ ನೂರಡಿ ನೆಲದ ಮೇಲೆ ದಪ್ಪನೆಯ ಕಪ್ಪು ಕಂಬಳಿಗಳನ್ನು ಹಾಸಿ, ಅಂಚಿಗೆ ಮರಳಿನ ಚೀಲ ಹೇರಿದ್ದರು. ಕಂಬಳಿಯ ಕೆಳಗೆ ಹಾವಿನಂತೆ ರಬ್ಬರ್ ಪೈಪು ಸುತ್ತಾಡಿತ್ತು. ಒಂದು ಯಂತ್ರ ಗುರುಗುಟ್ಟುತ್ತ ಪೈಪಿನೊಳಗೆ ಬಿಸಿ ದ್ರವ ಹರಿಸುತ್ತಿತ್ತು.

"ಇದೇನೋ ಗಿರೀಶ, ಭೂಮಿಗೆ ಬಾಣಂತನ ಮಾಡ್ತಿದ್ದೀರಾ?"

"ಕೇಬಲ್‌ಗೆ ಗುಂಡಿ ತೋಡಬೇಕ್ರಿ ಮೇಡಂ. ಹೀಂಗ ಎರಡು ದಿನ ಕಾಸಿದ್ರ ಮಾತ್ರ ತೋಡಾಕ ಬರ್ತದ."

"ಮಣ್ಣು ತೋಡೋಕೆ ಕಾಸಬೇಕಾ? ನಿಮ್ಮವರಿಗೆ ಕೈ ಇಲ್ವಾ?"

ಪಕ್ಕದಲ್ಲಿದ್ದ ಕೆಲಸಗಾರನಿಗೆ ನನ್ನ ಧಾಟಿಯಿಂದಲೇ ಅರ್ಥವಾಗಿರಬೇಕು. ಕಂಬಳಿಯಿಲ್ಲದ ಕಡೆಯ ಹುಲ್ಲುನೆಲ ತೋರಿಸಿ, ನನ್ನ ಕೈಗೊಂದು ಹಾರೆ ಕೊಟ್ಟು, ಹಾಕಿ ನೋಡಿ ಎಂದು ಸನ್ನೆ ಮಾಡಿದ. ನಾನು ಎತ್ತಿ ಕುಕ್ಕಿದೆ. ಠಣ್ ಎಂದಿತು. ಹಾರೆ ಪುಟಿದು ಮೇಲೆ ಬಂತು, ಮೊಣಕೈವರೆಗೆ ಜುಮ್ಮೆಂದಿತು. ನೆಲದಲ್ಲಿ ಉಗುರು ಗೀಚಿದಷ್ಟು ಗುರುತು. ಕಲ್ಲಿರಬೇಕೆಂದು ಪಕ್ಕದಲ್ಲಿ ಹಾಕಿದೆ. ಅಲ್ಲೂ ಠಣ್.

"ಎರಡು, ಮೂರು ಅಡಿತನಕ ಹೀಂಗ ರೀ," ಎಂದ ಗಿರೀಶ. "ಮಣ್ಣಾಗಿನ ನೀರೆಲ್ಲ ಬರ್ಫ್ ಆಗಿರ್ತದ. ಕಾಂಕ್ರೀಟ್ ಆದಂಗ. ಮಾರ್ಚ್‌ತನಕ ಇದ ಕಥಿ."

ಕಾಂಕ್ರೀಟ್ ಆದ ಹಾಗೆ. ನಾನು ಹಾರೆ ಹಿಡಿದು ನಿಂತೇ ಇದ್ದೆ. ಫೆಬ್ರವರಿಯಲ್ಲಿ ಅಳೆದ ಗೋಪುರದ ಬುಡ ಈ ಕಾಂಕ್ರೀಟಿನೊಳಗಿತ್ತು. ಜುಲೈನಲ್ಲಿ ಅದೇ ಬುಡ ಮೆತ್ತನೆಯ ಮಣ್ಣಿನಲ್ಲಿತ್ತು. ಗೋಪುರ ಸಡಿಲಾಗಿರಲಿಲ್ಲ, ಅದರ ಕಾಲು ಹಿಡಿದುಕೊಂಡಿದ್ದ ನೆಲ ಕರಗಿತ್ತು. ಕೆಲಸಗಾರ ಹೆಬ್ಬೆರಳು ಎತ್ತಿ ನಕ್ಕ. ನಾನೂ ನಕ್ಕೆನೆಂದು ಕಾಣುತ್ತದೆ.

ಹೆದ್ದಾರಿ

ಐದು ಗಂಟೆಯ ದಾರಿ. ಗಿರೀಶ ಹಳೆಯ ಕಾಲೇಜು ದಿನಗಳ ಕಥೆ ಹೇಳುತ್ತ ಡ್ರೈವ್ ಮಾಡುತ್ತಿದ್ದ. ನಾನು ಹೂಂಗುಡುತ್ತ ಫೋನಿನಲ್ಲಿ ಅನಘಾಳ ಫೆಬ್ರವರಿಯ ಮಿಂಚಂಚೆ ಹುಡುಕಿದೆ. ಸಿಕ್ಕಿತು. ಇಂಗ್ಲಿಷಿನಲ್ಲಿ ಬರೆದಿದ್ದಳು. ಅಂಕಿಗಳ ಕಡತ, ಎರಡು ಫೋಟೊ, ಕೆಳಗೆ ಒಂದು ಪ್ಯಾರಾ. ಬುಡದ ಪೆಟ್ಟಿಗೆಯನ್ನು ನೆಲಕ್ಕೆ ಬಿಗಿಯುವ ಗೂಟ ಒಳಗೆ ಹೋಗಲೇ ಇಲ್ಲ ಅಜ್ಜಿ, ನೆಲ ಹೆಪ್ಪುಗಟ್ಟಿದೆ, ಎರಡು ಗೂಟ ಬಾಗಿದವು, ಪೆಟ್ಟಿಗೆಯನ್ನು ಹಾಗೇ ನೆಲದ ಮೇಲಿಟ್ಟಿದ್ದೇನೆ, ಇದರಿಂದ ಲೆಕ್ಕಕ್ಕೆ ಏನಾದರೂ ತೊಂದರೆಯಾ?

ಕೆಳಗೆ ನನ್ನ ಉತ್ತರವೂ ಇತ್ತು. ಒಂದೇ ಸಾಲು. "ಇನ್ನೂ ಜೋರಾಗಿ ಹೊಡಿ ಮಗಳೇ, ರಾಗಿಮುದ್ದೆ ತಿನ್ನು!" ಮುಂದೊಂದು ನಗುವ ಮುಖ.

ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿ ಕಣ್ಣಿಗೆ ಕಂಡದ್ದನ್ನು ಬರೆದು, ಕೇಳಬೇಕಾದ್ದನ್ನೇ ಕೇಳಿದ್ದಳು. ನಾನು ಮೂವತ್ತೊಂದು ವರ್ಷ ಮೇಷ್ಟ್ರು. ಮಣ್ಣಿನ ಬಗ್ಗೆ ಪಾಠ ಮಾಡುವಾಗ ಕೆಂಪು ಮಣ್ಣು, ಕಪ್ಪು ಮಣ್ಣು, ಜೌಗು ಎಲ್ಲ ಹೇಳುತ್ತಿದ್ದೆ. ಹೆಪ್ಪುಗಟ್ಟಿದ ಮಣ್ಣು ಎಂದು ಪುಸ್ತಕದಲ್ಲಿ ಅರ್ಧ ಪುಟ ಇತ್ತು. ನಮ್ಮೂರಿಗೆ ಬೇಡ, ಪರೀಕ್ಷೆಗೆ ಬರುವುದಿಲ್ಲ, ಬಿಟ್ಟುಬಿಡಿ ಎನ್ನುತ್ತಿದ್ದೆ. ವರ್ಷ ವರ್ಷವೂ ಆ ಅರ್ಧ ಪುಟ ಹಾರಿಸಿದ್ದೇನೆ.

ಮಧ್ಯೆ ಹೆದ್ದಾರಿಯ ವಿಶ್ರಾಂತಿ ಕಟ್ಟೆಯಲ್ಲಿ ಇಳಿದೆವು. ಈ ದೇಶದವರಿಗೆ ಒಂದು ಅಭ್ಯಾಸ, ಹಿಂದೆ ಯಾರಾದರೂ ಬರುತ್ತಿದ್ದರೆ ಬಾಗಿಲು ಹಿಡಿದು ನಿಲ್ಲುತ್ತಾರೆ. ನಾನು ದೂರದಲ್ಲಿದ್ದೆ, ಆದರೂ ಒಬ್ಬ ಮುದುಕ ಆ ಚಳಿಗಾಳಿಯಲ್ಲಿ ಬಾಗಿಲು ಹಿಡಿದೇ ನಿಂತ. ನಾನು ಬೂಟು ಎಳೆದುಕೊಂಡು ಓಡಿದೆ. ಸ್ಟ್ಯಾನ್ ಕೂಡ ಇಂಥದೇ ವಯಸ್ಸಿನವನಿರಬಹುದು ಎನಿಸಿ ಅವನ ಮುಖ ನೋಡಲಾಗಲಿಲ್ಲ. ಥ್ಯಾಂಕ್ಸ್ ಹೇಳುವುದನ್ನೂ ಮರೆತೆ.

"ಮೇಡಂ, ಚಾ ಕುಡೀತೀರೇನ್ರಿ? ಮಾರಿ ಯಾಕೋ ಸಪ್ಪಗಾಗೇದ."

"ಜೆಟ್‌ಲ್ಯಾಗ್ ಕಣೋ," ಎಂದೆ. ಮಿಷಿಗನ್ ಮುಟ್ಟಿದಾಗ ಗಡಿಯಾರ ಒಂದು ಗಂಟೆ ಮುಂದಕ್ಕೆ ಹಾರಿತು. ಸಭೆಗೆ ಇದ್ದ ಸಮಯದಲ್ಲಿ ಒಂದು ಗಂಟೆ ಕಡಿಮೆಯಾಯಿತೆಂದು ನನಗೆ ಮೊದಲು ಹೊಳೆದದ್ದು.

ವೆಸ್ಟ್ ಬ್ಲೂಮ್‌ಫೀಲ್ಡ್

ವಾಣಿಯ ಮನೆಯೊಳಗೆ ಸಕ್ಕರೆ ಪಾಕದ ವಾಸನೆ. ಮರದ ಅಚ್ಚುಗಳನ್ನು ಮೈಸೂರಿನಿಂದ ತರಿಸಿಕೊಂಡಿದ್ದಾಳೆ. ಗಿಳಿ, ಬಾಳೆಗೊನೆ, ಗೋಪುರ.

"ಬನ್ನಿ ಆಂಟಿ, ಒಳಗ್ ಬನ್ನಿ! ಕೈ ಎಲ್ಲ ಪಾಕ, ನಮಸ್ಕಾರನೂ ಮಾಡಕ್ಕಾಗ್ತಿಲ್ಲ." ವೃತ್ತಿಯಲ್ಲಿ ದಂತವೈದ್ಯೆ, ಆದರೆ ಮಾತು ಮಾತ್ರ ಇನ್ನೂ ನಮ್ಮ ಬೀದಿಯದೇ. ಮಾತಿನ ಭರದಲ್ಲಿ ಸೌಟನ್ನು ಪಾಕದಲ್ಲೇ ಬಿಟ್ಟಿದ್ದಳು. ಪಾಕ ಆರಿ ಗಟ್ಟಿಯಾಗಿ ಸೌಟು ನೆಟ್ಟಗೆ ನಿಂತುಬಿಟ್ಟಿತ್ತು. ಅನಘಾ ಅದನ್ನು ಬೆರಳಿನಿಂದ ಮೀಟಿದಳು. ಟಿಂಯ್ ಎಂದಿತು. ಅರ್ಧ ಗಂಟೆ ಮೊದಲು ನಾವು ಬಂದಾಗ ಅದೇ ಸೌಟು ಪಾಕದಲ್ಲಿ ತೂರಾಡುತ್ತಿತ್ತು. ಆ ಹುಡುಗಿ ನನ್ನ ಕಡೆ ನೋಡಿದಳು. ನಾನು ಬೇರೆ ಕಡೆ ನೋಡಿದೆ.

ಮರುದಿನ ಬೆಳಗ್ಗೆ ನಾನು, ಅನಘಾ ಇಬ್ಬರೇ ಗೋಪುರಕ್ಕೆ ಹೋದೆವು. ಸಭೆಗೆ ಮುನ್ನ ಇನ್ನೊಮ್ಮೆ ಅಳೆಯಬೇಕು ಎಂದಿದ್ದೆ. ಹಿಮದ ನಡುವೆ ಕೆಂಪಗೆ ನಿಂತಿತ್ತು. ಕಂಪ್ಯೂಟರಿನ ಪರದೆಯಲ್ಲಿ ತಿಂಗಳುಗಟ್ಟಲೆ ನೋಡಿದ್ದ ಗೋಪುರವನ್ನು ಮೊದಲ ಸಲ ಕೈಯಿಂದ ಮುಟ್ಟಿದೆ. ಸಂದುಗಳಲ್ಲಿ ತುಂಬಿದ ಗಾರೆ ಒಂದೇ ಹದ, ಒಂದೇ ಆಳ. ಒಂದು ಗೆರೆಯೂ ಸೊಟ್ಟಗಿರಲಿಲ್ಲ. ತುದಿಯ ಸಾಲಿನಲ್ಲಿ ಮಾತ್ರ ಹನ್ನೊಂದು ಇಟ್ಟಿಗೆಯ ಜಾಗ ಖಾಲಿಯಿತ್ತು, ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿದ್ದರು. ಕೆಲಸ ಬಿಡಿಸಿದ ದಿನ ಅವನು ಅಲ್ಲಿಗೆ ನಿಲ್ಲಿಸಿದ್ದ.

ಅಳೆದೆವು. ಹತ್ತು ಸೆಕೆಂಡಿಗೆ ಇಪ್ಪತ್ತೆರಡು.

ಚಳಿಗಾಲಕ್ಕೆ ಚಳಿಗಾಲ ಹೋಲಿಸಿದರೆ ಹಿಂದಿನ ಫೆಬ್ರವರಿಗಿಂತ ಒಂದು ಹೆಚ್ಚು. ಸ್ಟ್ಯಾನ್ ಗೋಪುರವನ್ನು ಹಾಳು ಮಾಡಿರಲಿಲ್ಲ, ಗಟ್ಟಿ ಮಾಡಿದ್ದ. ನಾನು ಅವನಿಗೆ ಕೆಟ್ಟ ಹೆಸರು ಕೊಟ್ಟಿದ್ದೆ, ಇನ್ನು ನಾಳೆ ಅವನು ಗಟ್ಟಿ ಮಾಡಿದ್ದನ್ನೇ ಕೆಡವಿಸಲಿದ್ದೆ.

ಈಗ ಹೇಳಲು ಹೊರಟಿರುವುದನ್ನು ಬರೆಯದೆ ಬಿಡೋಣವೆಂದು ಎರಡು ಸಲ ಯೋಚಿಸಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ವಾಣಿ ಕೇಳಿದಳು, "ಏನಾಯ್ತು ಆಂಟಿ, ರೀಡಿಂಗ್?"

ನನ್ನ ಬಾಯಿಂದ ಸಲೀಸಾಗಿ ಬಂತು. "ಒಳ್ಳೆ ಸುದ್ದಿ ಕಣೆ. ಈಗ ಬಿಗಿಯಾಗಿದೆ. ಸುಣ್ಣದ ಗಾರೆ ನೋಡು, ಗಟ್ಟಿಯಾಗೋಕೆ ತಿಂಗಳುಗಟ್ಟಲೆ ಬೇಕು. ಜುಲೈನಲ್ಲಿ ಹಸಿಯಿತ್ತು, ಈಗ ಕೂತ್ಕೊಂಡಿದೆ. ಕೆಡವೋದು ಬೇಡ."

ಎಂಥ ಸೊಗಸಾದ ಸುಳ್ಳು! ಸುಣ್ಣದ ಗಾರೆ ನಿಧಾನಕ್ಕೆ ಗಟ್ಟಿಯಾಗುವುದು ನಿಜ. ಗೋಪುರ ಉಳಿಯುತ್ತದೆ, ನನ್ನ ವರದಿಯೂ ಉಳಿಯುತ್ತದೆ, ಯಾರಿಗೂ ಬೇಜಾರಿಲ್ಲ. "ಅಯ್ಯೋ, ಬದುಕಿದ್ವಿ ಆಂಟಿ!" ಎಂದು ವಾಣಿ ನನ್ನ ತಟ್ಟೆಗೆ ಇನ್ನೊಂದು ಸೌಟು ಹುಗ್ಗಿ ಬಡಿಸಿದಳು. ನಾನು ತಿಂದೆ. ರುಚಿಯಾಗಿತ್ತು ಎನ್ನುವುದು ಇವತ್ತಿಗೂ ನೆನಪಿದೆ, ಅದಕ್ಕೂ ನಾಚಿಕೆಯಾಗುತ್ತದೆ.

ಅನಘಾ ತಟ್ಟೆ ತೊಳೆಯುತ್ತ, ಅಮ್ಮ ಆಚೆ ಹೋಗುವವರೆಗೆ ಕಾದಳು. ಆಮೇಲೆ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು, ಹಾಗಾದರೆ ಬರುವ ಜುಲೈನಲ್ಲಿ ಅಳೆದರೂ ಇಪ್ಪತ್ತೆರಡೇ ಬರುತ್ತಾ ಎಂದು.

ನಾನು ಮೇಜಿನ ಮೇಲಿನ ಲೋಟಗಳನ್ನು ಒಂದರೊಳಗೊಂದು ಜೋಡಿಸತೊಡಗಿದೆ.

"ಐ ಬೆಂಟ್ ಟೂ ಸ್ಟೇಕ್ಸ್, ಅಜ್ಜಿ," ಎಂದಳು, ಆ ಬಾಗಿದ ಎರಡು ಗೂಟಗಳ ಮಾತು. ಕೋಪವಿರಲಿಲ್ಲ. ಆಮೇಲೆ ಕಷ್ಟಪಟ್ಟು ಕನ್ನಡದಲ್ಲಿ, "ನೀವು ಜೋರಾಗಿ ಹೊಡಿ ಅಂದ್ರಿ. ನಾನು ಹೊಡೆದೆ. ಹೋಗ್ಲಿಲ್ಲ."

ಅವಳು ಬಯ್ದಿದ್ದರೆ ನಾನೂ ಏನಾದರೂ ತಿರುಗಿ ಹೇಳುತ್ತಿದ್ದೆ. ಅವಳು ತಟ್ಟೆ ಒರೆಸಿ ಇಟ್ಟು ಹೋದಳು. ಆ ಹುಡುಗಿಯ ಮುಂದೆ ನಾನು ತೀರಾ ಸಣ್ಣವಳಾಗಿ ಹೋದೆ.

ಸಭಾಂಗಣ

ಭಾನುವಾರ ಸಭಾಂಗಣ ತುಂಬಿತ್ತು. ಬಾಗಿಲ ಬಳಿ ಬೂಟಿನ ರಾಶಿ, ಅದರ ಮೇಲೆ ಜಾಕೆಟ್ಟಿನ ರಾಶಿ. ರೇಷ್ಮೆ ಲಂಗದ ಪುಟ್ಟ ಹುಡುಗಿಯರು ಎಳ್ಳುಬೆಲ್ಲದ ಪೊಟ್ಟಣ ಹಂಚುತ್ತ ಇಂಗ್ಲಿಷಿನಲ್ಲಿ ಜಗಳವಾಡುತ್ತಿದ್ದರು. ಪ್ರಾರ್ಥನೆ, ಸ್ವಾಗತ, ನನ್ನ ಪರಿಚಯ. ಪರಿಚಯ ಓದಿದವರು ನನ್ನ ಮೂವತ್ತೊಂದು ವರ್ಷವನ್ನು ಮೂವತ್ತೈದು ಮಾಡಿದರು. ಶಾಲು ಹೊದಿಸಿದರು.

ಮೈಕಿನ ಮುಂದೆ ನಿಂತು, ತಯಾರಿ ಮಾಡಿಕೊಂಡು ಬಂದಿದ್ದ ಹಾಳೆಯನ್ನು ಮಡಚಿಟ್ಟೆ.

"ಜುಲೈನಲ್ಲಿ ನಾನು ಬರೆದ ವರದಿ ತಪ್ಪು," ಎಂದೆ. "ನಿನ್ನೆ ವಾಣಿಗೆ ಹೇಳಿದ ಕಾರಣವೂ ಸುಳ್ಳು. ಅದು ಗೊತ್ತಿದ್ದೇ ಹೇಳಿದ ಸುಳ್ಳು."

ಆಮೇಲೆ ವಾಣಿಯ ಸೌಟಿನ ಉದಾಹರಣೆ ಕೊಟ್ಟೇ ವಿವರಿಸಿದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲ ಗೋಪುರದ ಪಾದವನ್ನು ಕಚ್ಚಿ ಹಿಡಿಯುತ್ತದೆ, ಅದು ಬೇಗ ಬೇಗ ಅಲುಗುತ್ತದೆ. ಬೇಸಿಗೆಯಲ್ಲಿ ನೆಲ ಬಿಡುತ್ತದೆ, ನಿಧಾನಕ್ಕೆ ತೂಗುತ್ತದೆ. ಗೋಪುರ ಅದೇ, ಇಟ್ಟಿಗೆ ಅದೇ. ಭೂಕಂಪ ಚಳಿಗಾಲದಲ್ಲಿ ಬಂದರೆ ಪೆಟ್ಟು ನೆಲದಿಂದ ಸ್ವಲ್ಪ ಮೇಲಿನ ಇಟ್ಟಿಗೆಗಳಿಗೆ ಹೆಚ್ಚು ಬೀಳಬಹುದು, ಬೇಸಿಗೆಯಲ್ಲಿ ಬಂದರೆ ಇಡೀ ಗೋಪುರ ಹೆಚ್ಚು ಓಲಾಡಬಹುದು. ಆದ್ದರಿಂದ ಎರಡೂ ಕಾಲಕ್ಕೆ ಬೇರೆ ಬೇರೆ ಲೆಕ್ಕ ಬೇಕು, ಅದನ್ನು ಇಲ್ಲಿಯ ನೆಲ ಬಲ್ಲ ಎಂಜಿನಿಯರೊಬ್ಬರಿಂದ ಮಾಡಿಸಿ, ನನ್ನಿಂದ ಅಲ್ಲ ಎಂದೆ. "ಅನಘಾ ಇದನ್ನು ಫೆಬ್ರವರಿಯಲ್ಲೇ ಬರೆದಿದ್ದಳು. ನಾನು ತಮಾಷೆ ಮಾಡಿದೆ. ಸ್ಟ್ಯಾನ್ ಕೆಲಸದಲ್ಲಿ ಒಂದು ದೋಷವೂ ಇಲ್ಲ."

ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ವಾಣಿ ಕಣ್ಣು ಒರೆಸಿಕೊಂಡು ಮೈಕ್ ತೆಗೆದುಕೊಂಡಳು. "ಇಷ್ಟು ದೊಡ್ಡವರಾಗಿ ಹೀಗೆ ಒಪ್ಕೊಳ್ಳೋಕೆ ಎಂಥ ದೊಡ್ಡ ಮನಸ್ಸು ಬೇಕು! ನಮ್ಮ ಮಕ್ಕಳು ಆಂಟಿಯಿಂದ ಕಲೀಬೇಕು." ಇನ್ನೊಮ್ಮೆ ಚಪ್ಪಾಳೆ. ಗೋಪುರ ಕೆಡವುವ ವಿಷಯವನ್ನು ಅಲ್ಲಿಗೇ ಕೈಬಿಟ್ಟರು. ಸ್ಟ್ಯಾನ್‌ಗೆ ಸಂಘದ ಪರವಾಗಿ ಒಂದು ಇಮೇಲ್ ಹಾಕೋಣ ಎಂದು ಒಬ್ಬರು ಸೂಚಿಸಿದರು. ಫೋಟೊ ತೆಗೆಸಿಕೊಳ್ಳಲು ಸಾಲು ನಿಂತಿತು.

ನನಗೆ ಸನ್ಮಾನ ಮೊದಲಿಗಿಂತ ಜೋರಾಗಿಯೇ ಆಯಿತು. ಶಾಲಿನ ಕೆಳಗೆ ಬೆವರುತ್ತ ನಿಂತಿದ್ದೆ. ಕ್ಷಮೆ ಕೇಳಬೇಕಾದವನು ಆ ಸಭೆಯಲ್ಲೇ ಇರಲಿಲ್ಲ. ಅವನನ್ನು ಯಾರೂ ಕರೆದಿರಲಿಲ್ಲ, ನನಗೂ ನೆನಪಾಗಿರಲಿಲ್ಲ. ಅನಘಾ ಚಪ್ಪಾಳೆ ತಟ್ಟಿರಲಿಲ್ಲ. ಅವಳ ಬಳಿ ಹೋಗಿ, "ನಾಳೆ ನನ್ನನ್ನ ಅವನ ಮನೆಗೆ ಕರ್ಕೊಂಡು ಹೋಗ್ತೀಯಾ?" ಎಂದೆ. ಹೂಂ ಎಂದಳು.

ಸ್ಟ್ಯಾನ್ ಮನೆ

ಡೆಟ್ರಾಯ್ಟಿನ ಹಳೆಯ ಬಡಾವಣೆ. ಸಣ್ಣ ಸಣ್ಣ ಇಟ್ಟಿಗೆಯ ಮನೆಗಳು. ಬಾಗಿಲು ತೆರೆದವನು ನಾನು ಅಂದುಕೊಂಡಿದ್ದಕ್ಕಿಂತ ಕುಳ್ಳ, ತಲೆ ಬೋಳು, ಅಗಲವಾದ ಕೈಗಳು. ನಮ್ಮನ್ನು ಅಡುಗೆಮನೆಯ ಮೇಜಿಗೆ ಕರೆದು, ಕಾಫಿ ಬಗ್ಗಿಸಿ, ನನ್ನ ಬೂಟು ನೋಡಿ ಒಳ್ಳೆಯ ಬೂಟು ಎಂದ. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ನಾನು ಸುತ್ತಿ ಬಳಸದೆ ಹೇಳಿಬಿಟ್ಟೆ: ವರದಿ ಬರೆದವಳು ನಾನು, ಅದು ತಪ್ಪು, ನೆಲ ಹೆಪ್ಪುಗಟ್ಟಿದ್ದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅವನು ಕಾಫಿ ಕಲಕುವುದನ್ನು ನಿಲ್ಲಿಸಿದ. ಎದ್ದು ಹೋಗಿ, ಡ್ರಾಯರಿನಿಂದ ನನ್ನ ಎರಡು ಪುಟ ತಂದು ಮೇಜಿನ ಮೇಲಿಟ್ಟ. ಮಡಚಿ ಮಡಚಿ ಮಡಿಕೆಯ ಗೆರೆಗಳು ಸವೆದಿದ್ದವು.

"ನಾನು ಇದನ್ನ ಅನೇಕ ಸಲ ಓದಿದೆ," ಎಂದ. "ಯಾವ ಇಟ್ಟಿಗೆ ಅಂತ ಹುಡುಕಿದೆ. ಇದರಲ್ಲಿ ಯಾವ ಇಟ್ಟಿಗೆ ಅಂತ ಬರೆದಿಲ್ಲ."

ಪುಟಗಳನ್ನು ನನ್ನ ಕಡೆ ತಿರುಗಿಸಿ ನೋಡಿದೆ, ಬರೆದಿರಲಿಲ್ಲ.

ಬರೆದಿದ್ದರೆ ಒಳ್ಳೆಯದಿತ್ತು ಎಂದ. ಇಂಥ ಸಾಲಿನ ಇಂಥ ಇಟ್ಟಿಗೆ ಎಂದಿದ್ದರೆ ಅದೊಂದೇ ತಪ್ಪು ಎಂದು ಸಮಾಧಾನವಾಗುತ್ತಿತ್ತಂತೆ. ಬರೆಯದೆ ಇದ್ದುದರಿಂದ ರಾತ್ರಿ ಮಲಗಿದರೂ ಒಂದೊಂದೇ ಇಟ್ಟಿಗೆಯನ್ನು ಮನಸ್ಸಿನಲ್ಲಿ ಮತ್ತೆ ಇಟ್ಟು ನೋಡುತ್ತಿದ್ದನಂತೆ. ಆ ಗೋಪುರದ ಇಟ್ಟಿಗೆಗಳೆಲ್ಲ ಮುಗಿದ ಮೇಲೆ, ಹಿಂದೆ ಕಟ್ಟಿದ್ದ ಬೇರೆ ಗೋಡೆಗಳನ್ನು. ಜುಲೈ ಆದ ಮೇಲೆ ಬೇರೆ ಕೆಲಸ ಒಪ್ಪಿಕೊಂಡಿಲ್ಲ, ಕೈಯ ಮೇಲೆ ನಂಬಿಕೆ ಇಲ್ಲದವನು ಇನ್ನೊಬ್ಬರ ಗೋಡೆ ಹೇಗೆ ಮುಟ್ಟುವುದು ಎಂದ.

"ನನಗೊಂದು ಫೋನ್ ಮಾಡಬಹುದಿತ್ತು," ಎಂದ ಕೊನೆಗೆ. "ಚಳಿಗಾಲದಲ್ಲಿ ಇಲ್ಲಿ ನೆಲ ಕಲ್ಲಾಗುತ್ತೆ ಅಂತ ಯಾರಾದ್ರೂ ಹೇಳ್ತಿದ್ರು. ನಾಯಿಗೂ ಗೊತ್ತು ಅದು."

ಗಾರೆಯವನನ್ನು ಕೇಳಬೇಕೆಂದು ನನಗೆ ಅನ್ನಿಸಿಯೇ ಇರಲಿಲ್ಲ. ಮೈಸೂರಿನಲ್ಲಾದರೂ ಅನ್ನಿಸುತ್ತಿರಲಿಲ್ಲ. ನಾವು ಗಾರೆಯವರಿಗೆ ಹೇಳುವವರು, ಅವರನ್ನು ಕೇಳುವವರಲ್ಲ. ಇದು ನಾನು ಅಲ್ಲಿಗೆ ಕೊಂಡೊಯ್ದ ಸಾಮಾನುಗಳಲ್ಲಿ ಎಲ್ಲಕ್ಕಿಂತ ಹಳೆಯದು. ತಲೆ ತಗ್ಗಿಸಿ ಕೂತೆ. ಕ್ಷಮಿಸಿ ಎಂದೆ. ಅವನು ಪರವಾಗಿಲ್ಲ ಎನ್ನಲಿಲ್ಲ. ಅದನ್ನು ನಾನೂ ನಿರೀಕ್ಷಿಸುವಂತಿರಲಿಲ್ಲ.

ಉಳಿದ ಹನ್ನೊಂದು ಇಟ್ಟಿಗೆಯನ್ನು ನೀವೇ ಇಡಬೇಕು, ನಾನು ಹೋಗುವ ಮುನ್ನ ನೋಡಬೇಕು ಎಂದು ಕೇಳಿಕೊಂಡೆ. ಅವನು ಮೊದಲ ಸಲ ನಕ್ಕ. ಈ ಚಳಿಯಲ್ಲಿ ಸುಣ್ಣ ಕೂರುವುದಿಲ್ಲ, ಮೇ ತಿಂಗಳಾಗಲಿ ಎಂದ. ಆಗ ಬರುತ್ತೀರಾ ಎಂದು ನಾನು ಕೇಳಿದಾಗ, ನೋಡೋಣ ಎಂದ.

ಮೈಸೂರು

ಹೊರಡುವ ಮುನ್ನ ವಾಣಿಯ ಅಡುಗೆಮನೆಯಲ್ಲೇ ಕೂತು ಹೊಸ ವರದಿ ಬರೆದೆ. ಸಾಲು ಸಾಲಾಗಿ, ಕೆಳಗಿನಿಂದ ತುದಿಯವರೆಗೆ, ಎಲ್ಲೆಲ್ಲಿ ಇಟ್ಟಿಗೆ ಬದಲಾಗಿದೆ, ಗಾರೆ ಹೇಗಿದೆ ಎಂದು. ಅನಘಾ ಫೋಟೊ ತೋರಿಸುತ್ತ ಹೋದಳು. ಹದಿನಾಲ್ಕು ಪುಟವಾಯಿತು. ಅದನ್ನು ಅವಳೇ ಸ್ಟ್ಯಾನ್‌ಗೆ ಕೊಟ್ಟು ಬಂದಳು.

ಇಲ್ಲಿ ಎಲ್ಲರಿಗೂ ಬೂಟಿನ ಕಥೆ, ಹನ್ನೆರಡು ಡಿಗ್ರಿಯ ಕಥೆ ಹೇಳಿದೆ. ಎಲ್ಲರೂ ನಕ್ಕರು. ಉಳಿದದ್ದನ್ನು ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಇದನ್ನು ಬರೆದದ್ದು.

ಮೇ ಕೊನೆಯ ವಾರ ಅನಘಾಳ ಮಿಂಚಂಚೆ ಬಂತು. ಅಂಕಿಗಳ ಕಡತ, ಎರಡು ಫೋಟೊ. ಹತ್ತು ಸೆಕೆಂಡಿಗೆ ಹತ್ತೊಂಬತ್ತು. ಜುಲೈಗಿಂತ ಒಂದು ಹೆಚ್ಚು, ಚಳಿಗಾಲಕ್ಕಿಂತ ಮೂರು ಕಡಿಮೆ. ಈ ಸಲ ಗೂಟವನ್ನು ಹೊಡೆಯಬೇಕಾಗಲಿಲ್ಲವಂತೆ, ಕೈಯಿಂದ ಒತ್ತಿದರೆ ಸಾಕಾಯಿತಂತೆ. ಸಂಖ್ಯೆ ನೋಡಿ ಫೋನ್ ಕೆಳಗಿಡಲು ಹೋದವಳು ತಡೆದು, ಈ ಸಲ ಕೊನೆಯ ಸಾಲಿನವರೆಗೂ ಓದಿದೆ.

ಸ್ಟ್ಯಾನ್ ಬಂದ ಅಜ್ಜಿ, ಎಂದು ಬರೆದಿದ್ದಳು. ಹನ್ನೊಂದೂ ಇಟ್ಟ. ಪ್ರತಿ ಇಟ್ಟಿಗೆ ಇಟ್ಟ ಮೇಲೂ ಕರಣೆ ಹಿಡಿದುಕೊಂಡೇ ನನ್ನ ಕಡೆ ತಿರುಗಿ, ಇದು ಸರಿಯಾಗಿದೆಯಾ ಎಂದು ಕೇಳುತ್ತಿದ್ದ. ಹನ್ನೊಂದು ಸಲವೂ ಕೇಳಿದ. ನಾನು ಹೂಂ ಅಂದೆ.